ಶೆಲ್ ಸ್ಕ್ರಿಪ್ಟ್‌ನಲ್ಲಿ ದಶಮಾಂಶದ ಲೆಕ್ಕ ತಪ್ಪದಂತೆ ಬರೆಯುವುದು: ಹಂತ ಹಂತವಾಗಿ ಸಮಗ್ರ ಮಾರ್ಗದರ್ಶಿ

ಕಬ್ಬು ನುರಿಸುವ ಹಂಗಾಮು ಶುರುವಾದ ಮೇಲೆ ಮುಧೋಳ, ಜಮಖಂಡಿ, ರಬಕವಿ ಕಡೆಯ ಗೆಳೆಯರಿಂದ ನನಗೆ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ತೂಕದ ಚೀಟಿಗಳ ಕಡತದಿಂದ ಬಿಲ್ಲು ತೆಗೆಯುವ ಶೆಲ್ ಸ್ಕ್ರಿಪ್ಟ್ (ಟರ್ಮಿನಲ್‌ನ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಕಡತ) ತಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ನಡೆಯಿತು, ಕಚೇರಿಯ ಯಂತ್ರಕ್ಕೆ ಹಾಕಿದ ಕೂಡಲೇ ನಿಂತುಹೋಯಿತು ಎಂದು ಕೆಲವರು ಹೇಳುತ್ತಾರೆ. ನಿಲ್ಲಲಿಲ್ಲ, ಆದರೆ ಹತ್ತು ಚೀಟಿಗಳಲ್ಲಿ ಒಂದರ ಮೊತ್ತ ತಪ್ಪಾಗಿ ಬಂತು ಎಂದು ಉಳಿದವರು ಹೇಳುತ್ತಾರೆ. ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ರೈತನ ಕೈಗೆ ಹೋಗುವ ಚೀಟಿಯಲ್ಲಿ ಇಪ್ಪತ್ತಾರು ರೂಪಾಯಿ ಕಡಿಮೆಯಾದರೆ ಅದನ್ನು ಯಾವ ಯಂತ್ರವೂ ಕೂಗಿ ಹೇಳುವುದಿಲ್ಲ.

ಬಹುತೇಕರು ಇದನ್ನು ಕೊನೆಯ ಸಾಲಿನಲ್ಲಿ, ಅಂದರೆ ಮೊತ್ತವನ್ನು ಮುದ್ರಿಸುವ ಜಾಗದಲ್ಲಿ ಸರಿಪಡಿಸಲು ಹೋಗುತ್ತಾರೆ. ತಪ್ಪು ನಡೆದಿರುವುದು ಅದಕ್ಕಿಂತ ಬಹಳ ಮೊದಲೇ, ಸಂಖ್ಯೆ ಸ್ಕ್ರಿಪ್ಟಿನ ಒಳಗೆ ಬಂದ ಹೊತ್ತಿನಲ್ಲಿ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು. ಮೂರನೆಯದನ್ನು ಬಿಟ್ಟು ಐದನೆಯದಕ್ಕೆ ಹಾರಿದರೆ ಐದನೆಯದು ಉಪಯೋಗಕ್ಕೆ ಬರುವುದಿಲ್ಲ.

ಕಮಾಂಡುಗಳ ಹೆಸರನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಶೆಲ್‌ನ ವೇರಿಯಬಲ್ ಹೆಸರುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಬೇಕಾಗುವ ಸಲಕರಣೆಗಳು

ಒಂದು ಲಿನಕ್ಸ್ ಯಂತ್ರ, ಅದರಲ್ಲಿ ಬ್ಯಾಶ್ ಜೊತೆಗೆ ಡ್ಯಾಶ್ ಎಂಬ ಶೆಲ್ (ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಮ್) ಮತ್ತು ತನ್ನದೇ ಶೆಲ್ ಇರುವ ಬಿಝಿಬಾಕ್ಸ್ ಇರಲಿ. ಸ್ಕ್ರಿಪ್ಟಿನ ದೋಷಗಳನ್ನು ತೋರಿಸುವ ಶೆಲ್‌ಚೆಕ್ ಎಂಬ ಉಪಕರಣವನ್ನೂ ಹಾಕಿಕೊಳ್ಳಿ. ಇದಲ್ಲದೆ ಹತ್ತು ಹನ್ನೆರಡು ಚೀಟಿಗಳ ಲೆಕ್ಕವನ್ನು ಕೈಯಿಂದ ಮಾಡಿ, ಉತ್ತರಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಈ ಕಾಗದವಿಲ್ಲದೆ ಕೆಲಸಕ್ಕೆ ಕೂರಬೇಡಿ. ಸ್ಕ್ರಿಪ್ಟ್ ಕೊಟ್ಟ ಉತ್ತರವನ್ನು ಅದೇ ಸ್ಕ್ರಿಪ್ಟಿನಿಂದ ಪರೀಕ್ಷಿಸಲು ಬರುವುದಿಲ್ಲ.

ಹಂತ 1: ನಿಜವಾಗಿ ಓಡುತ್ತಿರುವ ಶೆಲ್ ಯಾವುದು ಎಂದು ತಿಳಿಯಿರಿ

ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ‘ಎಸ್‌ಎಚ್’ ಎಂದು ಕರೆದರೆ ಓಡುವುದು ಡ್ಯಾಶ್, ಬ್ಯಾಶ್ ಅಲ್ಲ. ಉಬುಂಟು 2006ರಲ್ಲೇ, 6.10ನೆಯ ಆವೃತ್ತಿಯಿಂದ, ಹೀಗೆ ಬದಲಾಯಿಸಿತು. ಆಲ್ಪೈನ್ ಲಿನಕ್ಸ್‌ನಲ್ಲಿ ಅದೇ ಹೆಸರಿನ ಹಿಂದೆ ಬಿಝಿಬಾಕ್ಸ್‌ನ ಶೆಲ್ ಇರುತ್ತದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ ಟರ್ಮಿನಲ್ ತೆರೆದರೆ ಝಡ್‌ಶೆಲ್ ಬರುತ್ತದೆ. ಝಡ್‌ಶೆಲ್ ದಶಮಾಂಶ ಸಂಖ್ಯೆಗಳನ್ನು ತಾನೇ ಕೂಡಿಸಿ ಕಳೆಯಬಲ್ಲದು. ಬ್ಯಾಶ್ ಮತ್ತು ಡ್ಯಾಶ್‌ಗಳಿಗೆ ಪೂರ್ಣಾಂಕ ಮಾತ್ರ ಗೊತ್ತು. ‘$((10.5+1))’ ಎಂದು ಬರೆದರೆ ಝಡ್‌ಶೆಲ್ 11.5 ಎನ್ನುತ್ತದೆ, ಬ್ಯಾಶ್ ಮತ್ತು ಡ್ಯಾಶ್ ಎರಡೂ ದೋಷದ ಸಂದೇಶ ಕೊಟ್ಟು ನಿಲ್ಲುತ್ತವೆ.

ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಶ್ ಎಂದು ಬರೆದಿದ್ದೇನೆ, ಆದರೂ ಹೀಗೇಕೆ ಎಂದು ಕೇಳುವವರು ತಾವು ಅದನ್ನು ಓಡಿಸಿದ ಬಗೆಯನ್ನು ನೋಡಿಕೊಳ್ಳಬೇಕು. ‘ಎಸ್‌ಎಚ್’ ಎಂದು ಬರೆದು ಮುಂದೆ ಕಡತದ ಹೆಸರು ಕೊಟ್ಟರೆ ಆ ಮೊದಲ ಸಾಲನ್ನು ಯಾರೂ ಓದುವುದಿಲ್ಲ. ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಕ್ರಾನ್ ಮೂಲಕ ರಾತ್ರಿ ಓಡುವ ಸ್ಕ್ರಿಪ್ಟುಗಳಲ್ಲಿ ಈ ತಪ್ಪು ಹೆಚ್ಚು ಕಾಣುತ್ತದೆ. ಕ್ರಾನ್‌ಗೆ ನಿಮ್ಮ ಟರ್ಮಿನಲ್‌ನ ಪಾತ್ (ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ), ಲೊಕೇಲ್ (ಭಾಷೆ ಮತ್ತು ಸಂಖ್ಯೆ ಬರೆಯುವ ರೂಢಿಯ ಆಯ್ಕೆ) ಯಾವುದೂ ತಿಳಿದಿರುವುದಿಲ್ಲ ಎಂಬುದನ್ನೂ ನೆನಪಿಡಿ.

ನನ್ನ ಸಲಹೆ ಇಷ್ಟು: ಲೆಕ್ಕದ ಸ್ಕ್ರಿಪ್ಟನ್ನು ಡ್ಯಾಶ್‌ನಲ್ಲಿ ಓಡುವಂತೆಯೇ ಬರೆಯಿರಿ. ಅಲ್ಲಿ ಓಡಿದ್ದು ಬ್ಯಾಶ್‌ನಲ್ಲೂ ಓಡುತ್ತದೆ. ಬ್ಯಾಶ್‌ನಲ್ಲಿ ಓಡಿದ್ದು ಅಲ್ಲಿ ಓಡುತ್ತದೆ ಎಂಬ ಭರವಸೆಯಿಲ್ಲ.

ಹಂತ 2: ಲೊಕೇಲನ್ನು ಕಟ್ಟಿಹಾಕಿ

ಜರ್ಮನ್ ಅಥವಾ ಫ್ರೆಂಚ್ ಲೊಕೇಲ್‌ನಲ್ಲಿ ದಶಮಾಂಶ ಬಿಂದುವಿನ ಜಾಗದಲ್ಲಿ ಅಲ್ಪವಿರಾಮ ಬರುತ್ತದೆ. ಅಂಥ ಯಂತ್ರದಲ್ಲಿ ಕೊಟ್ಟ ಅಚ್ಚಿಗೆ ತಕ್ಕಂತೆ ಮುದ್ರಿಸುವ ಪ್ರಿಂಟ್‌ಎಫ್ ಕಮಾಂಡಿಗೆ 3.14 ಕೊಟ್ಟರೆ ಅದು ಸಂಖ್ಯೆಯೇ ಅಲ್ಲ ಎಂಬ ಉತ್ತರ ಸಿಗಬಹುದು. ನಮ್ಮ ಕಡೆಯ ಯಂತ್ರಗಳಲ್ಲಿ ಬಿಂದುವೇ ಇರುತ್ತದೆ, ನಿಜ. ಆದರೆ ಬಾಡಿಗೆಗೆ ಪಡೆದ ಹೊರದೇಶದ ಸರ್ವರ್ ಯಾವ ಲೊಕೇಲ್‌ನಲ್ಲಿ ಬರುತ್ತದೆ ಎಂದು ಮೊದಲೇ ಊಹಿಸಲಾಗದು. ಲೆಕ್ಕ ಮಾಡುವ ಪ್ರತಿಯೊಂದು ಕಮಾಂಡಿನ ಮುಂದೆ ‘ಎಲ್‌ಸಿ_ಆಲ್=ಸಿ’ (LC_ALL=C) ಎಂದು ಬರೆಯಿರಿ.

ಸ್ಕ್ರಿಪ್ಟಿನ ತಲೆಯಲ್ಲೇ ಒಮ್ಮೆ ಬರೆದುಬಿಟ್ಟರೆ ಸಾಲದೇ ಎಂದರೆ, ಬರಿಯ ಸಂಖ್ಯೆಗಳಿದ್ದಾಗ ಸಾಕು. ರೈತರ ಹೆಸರುಗಳು ಕನ್ನಡದಲ್ಲಿದ್ದರೆ ಮಾತ್ರ ತೊಂದರೆ: ಸಿ ಲೊಕೇಲ್‌ನಲ್ಲಿ ಆಕ್ (awk, ಕಡತವನ್ನು ಸಾಲುಸಾಲಾಗಿ ಓದಿ ಲೆಕ್ಕ ಮಾಡುವ ಉಪಕರಣ) ಅಕ್ಷರಗಳನ್ನು ಎಣಿಸದೆ ಬೈಟ್‌ಗಳನ್ನು ಎಣಿಸುತ್ತದೆ, ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಮೂರು ಬೈಟ್ ಹಿಡಿಯುತ್ತದೆ. ಹೆಸರನ್ನು ಇಷ್ಟೇ ಉದ್ದಕ್ಕೆ ಕತ್ತರಿಸು ಎಂದಾಗ ಅಕ್ಷರ ನಡುವೆಯೇ ತುಂಡಾಗಿ ಗುರುತು ಸಿಗದ ಚಿಹ್ನೆಗಳು ಮೂಡುತ್ತವೆ. ಆದ್ದರಿಂದ ಹೆಸರಿನ ಕೆಲಸ ಬೇರೆ, ಲೆಕ್ಕದ ಕೆಲಸ ಬೇರೆ ಇರಲಿ.

ಹಂತ 3: ಒಳಬರುವ ಸಂಖ್ಯೆಯನ್ನು ಬಾಗಿಲಲ್ಲೇ ತಡೆದು ನೋಡಿ

ವೇಬ್ರಿಡ್ಜ್‌ನ ಗಣಕದಿಂದ ಅಥವಾ ಎಕ್ಸೆಲ್‌ನಿಂದ ಬಂದ ಕಡತದಲ್ಲಿ ಮೂರು ಬಗೆಯ ಕಸ ಇರುತ್ತದೆ.

ಮೊದಲನೆಯದು ಅಲ್ಪವಿರಾಮ. 1,25,000.50 ಎಂಬುದನ್ನು ಆಕ್‌ಗೆ ಸಂಖ್ಯೆಯಾಗಿ ಕೊಟ್ಟರೆ ಅದು ಮೊದಲ ಅಲ್ಪವಿರಾಮದವರೆಗೆ ಮಾತ್ರ ಓದಿ 1 ಎಂದುಕೊಳ್ಳುತ್ತದೆ. ದೋಷದ ಸಂದೇಶ ಬರುವುದಿಲ್ಲ. ಒಂದೂಕಾಲು ಲಕ್ಷ ಒಂದು ರೂಪಾಯಿ ಆಗಿಬಿಡುತ್ತದೆ.

ಎರಡನೆಯದು ಕನ್ನಡ ಅಂಕಿಗಳು. ೧೨.೫೦ ಎಂದು ಬರೆದದ್ದು ನಮಗೆ ಹನ್ನೆರಡೂವರೆ, ಆಕ್‌ಗೆ ಸೊನ್ನೆ. ಕನ್ನಡ ಅಂಕಿ ಬಳಸುವ ಕಚೇರಿಗಳ ಕಡತ ಬಂದಾಗ ಅವುಗಳನ್ನು 0ಯಿಂದ 9ರ ಅಂಕಿಗಳಿಗೆ ಬದಲಾಯಿಸುವ ಒಂದು ಸೆಡ್ (ಪಠ್ಯ ತಿದ್ದುವ ಕಮಾಂಡ್) ಸಾಲನ್ನು ಎಲ್ಲಕ್ಕಿಂತ ಮೊದಲು ಇಡಿ. ಒಂದೊಂದು ಚಿಹ್ನೆಯನ್ನು ಬದಲಿಸುವ ಇಲ್ಲವೇ ಅಳಿಸುವ ಟಿಆರ್ ಕಮಾಂಡಿನಿಂದ ಇದನ್ನು ಮಾಡಲು ಹೋಗಬೇಡಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಗ್ನೂ ಟಿಆರ್ ಬೈಟ್‌ಗಳ ಮೇಲೆ ಕೆಲಸ ಮಾಡುವುದರಿಂದ ಇಡೀ ಸಾಲು ಕೆಡುತ್ತದೆ.

ಮೂರನೆಯದು ವಿಂಡೋಸ್ ಕಡತದ ಪ್ರತಿ ಸಾಲಿನ ಕೊನೆಗೆ ಅಡಗಿರುವ ಕ್ಯಾರೇಜ್ ರಿಟರ್ನ್ ಚಿಹ್ನೆ. ಕೊನೆಯ ಕಾಲಮ್ಮಿನ ಸಂಖ್ಯೆಯನ್ನು ಮಾತ್ರ ಲೆಕ್ಕ ಮಾಡುವಾಗ ದೋಷ ಬರುತ್ತಿದ್ದು, ಪರದೆಯಲ್ಲಿ ಆ ಸಂಖ್ಯೆ ಸರಿಯಾಗಿಯೇ ಕಾಣುತ್ತಿದ್ದರೆ ಕಾರಣ ಇದೇ. ಇದನ್ನು ತೆಗೆಯಲು ಟಿಆರ್ ಸಾಕು.

ಶುದ್ಧಿಯಾದ ಮೇಲೆ ಶೆಲ್‌ನ ‘ಕೇಸ್’ ಎಂಬ ಮಾದರಿ ಹೋಲಿಕೆ ಬಳಸಿ ತಪಾಸಣೆ ಮಾಡಿ: ಅಂಕಿ, ಬಿಂದು ಮತ್ತು ಮೊತ್ತದ ಮೊದಲಿನ ಋಣ ಚಿಹ್ನೆಯ ಹೊರತು ಬೇರೇನಾದರೂ ಇದ್ದರೆ, ಬಿಂದು ಒಂದಕ್ಕಿಂತ ಹೆಚ್ಚಿದ್ದರೆ, ಜಾಗ ಖಾಲಿಯಿದ್ದರೆ, ಬಿಂದುವಿನ ಬಲಕ್ಕೆ ನಿಗದಿಗಿಂತ ಹೆಚ್ಚು ಅಂಕಿಗಳಿದ್ದರೆ ಆ ಸಾಲಿನ ಸಂಖ್ಯೆಯನ್ನು ತೋರಿಸಿ ಸ್ಕ್ರಿಪ್ಟ್ ನಿಲ್ಲಬೇಕು. ತಪ್ಪು ಸಾಲನ್ನು ಬಿಟ್ಟು ಮುಂದೆ ಹೋಗುವಂತೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಬಿಟ್ಟ ಸಾಲು ಯಾರದೋ ಒಂದು ಟ್ರ್ಯಾಕ್ಟರ್ ಕಬ್ಬು.

ಹಂತ 4: ಎಲ್ಲವನ್ನೂ ಅತಿ ಚಿಕ್ಕ ಅಳತೆಗೆ ಇಳಿಸಿ

ಈ ಹಂತವನ್ನು ಸರಿಯಾಗಿ ಮಾಡಿದವರಿಗೆ ಮುಂದಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಬರುವುದೇ ಇಲ್ಲ. ರೂಪಾಯಿಯನ್ನು ಪೈಸೆಗೆ, ಟನ್ನನ್ನು ಕಿಲೋಗೆ ಇಳಿಸಿ, ಅಲ್ಲಿಂದ ಮುಂದೆ ಪೂರ್ಣಾಂಕಗಳಲ್ಲೇ ಲೆಕ್ಕ ನಡೆಸಿ. ಇಳಕಲ್ಲಿನ ನೂಲಿನ ಲೆಕ್ಕವಾದರೆ ಗ್ರಾಂ, ಬೆಳಗಾವಿಯ ವರ್ಕ್‌ಶಾಪಿನ ಬಿಡಿಭಾಗದ ಅಳತೆಯಾದರೆ ಮೈಕ್ರಾನ್, ವಿಜಯಪುರದ ಒಣದ್ರಾಕ್ಷಿಯಾದರೆ ಮತ್ತೆ ಗ್ರಾಂ.

ಇಳಿಸುವಾಗ 18.345ನ್ನು 1000ದಿಂದ ಗುಣಿಸಲು ಹೋಗಬೇಡಿ. ಬಿಂದುವಿನ ಎಡಭಾಗ 18, ಬಲಭಾಗ 345 ಎಂದು ಪಠ್ಯವಾಗಿ ಬೇರ್ಪಡಿಸಿ. ಬಲಭಾಗವನ್ನು ಮೂರು ಅಂಕಿಗಳಿಗೆ ತುಂಬಿಸಿ: 18.5ರ ಬಲಭಾಗ 5 ಅಲ್ಲ, 500. ಬಿಂದುವೇ ಇಲ್ಲದಿದ್ದರೆ ಅದು 000.

ಈಗ ಎಲ್ಲರೂ ಎಡವುವ ಜಾಗಕ್ಕೆ ಬಂದಿದ್ದೇವೆ. ಶೆಲ್‌ನ ಲೆಕ್ಕದಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಎಂಟರ ಮೂಲದ್ದು ಎಂದು ಓದಲಾಗುತ್ತದೆ. 18.045 ಟನ್ನಿನ ಬಲಭಾಗ 045. ಬ್ಯಾಶ್ ಮತ್ತು ಡ್ಯಾಶ್ ಅದನ್ನು ನಾಲ್ಕು ಎಂಟ್ಲಿ ಮೂವತ್ತೆರಡು, ಅದಕ್ಕೆ ಐದು, ಒಟ್ಟು 37 ಎಂದು ಓದುತ್ತವೆ. ಚೀಟಿಯಲ್ಲಿ 18,045 ಕಿಲೋ ಇದ್ದದ್ದು 18,037 ಆಗುತ್ತದೆ. ಟನ್ನಿಗೆ 3250.50 ರೂಪಾಯಿ ದರ ಎಂದಿಟ್ಟುಕೊಂಡರೆ ಎಂಟು ಕಿಲೋ ಎಂದರೆ 26 ರೂಪಾಯಿ. ಮೇಲೆ ನಾನು ಹೇಳಿದ ಇಪ್ಪತ್ತಾರು ರೂಪಾಯಿ ಇದೇ. ಇದು ಹತ್ತರಲ್ಲಿ ಒಂದು ಚೀಟಿಗಷ್ಟೇ ಬಡಿಯುವುದೂ ಇದರಿಂದಲೇ, ಏಕೆಂದರೆ ಬಿಂದುವಿನ ಪಕ್ಕದಲ್ಲೇ ಸೊನ್ನೆ ಇರುವ ಚೀಟಿಗಳು ಸುಮಾರು ಅಷ್ಟೇ ಇರುತ್ತವೆ. ಬಲಭಾಗ 080 ಅಥವಾ 09 ಇದ್ದರೆ ಎಂಟರ ಮೂಲದಲ್ಲಿ 8 ಮತ್ತು 9 ಎಂಬ ಅಂಕಿಗಳೇ ಇಲ್ಲದ ಕಾರಣ ಸ್ಕ್ರಿಪ್ಟ್ ದೋಷ ಕೊಟ್ಟು ನಿಲ್ಲುತ್ತದೆ. ಝಡ್‌ಶೆಲ್‌ನಲ್ಲಿ ಈ ನಿಯಮ ತಾನಾಗಿ ಜಾರಿಯಲ್ಲಿರುವುದಿಲ್ಲ, ಹಾಗಾಗಿ ಮ್ಯಾಕ್‌ನಲ್ಲಿ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ.

ಪರಿಹಾರ ಸರಳ. ತುಂಬಿಸಿದ ಬಲಭಾಗದ ಮುಂದೆ 1 ಅಂಟಿಸಿ, ಆಮೇಲೆ 1000 ಕಳೆಯಿರಿ. 045 ಎಂಬುದು 1045 ಆಗಿ, 1000 ಕಳೆದಾಗ 45 ಉಳಿಯುತ್ತದೆ. ಪೈಸೆಗಾದರೆ ಎರಡು ಅಂಕಿ, ಹಾಗಾಗಿ 100 ಕಳೆಯಬೇಕು. ಬ್ಯಾಶ್‌ನಲ್ಲಿ ಸಂಖ್ಯೆಯ ಮುಂದೆ ‘10#’ ಬರೆಯುವ ಬಗೆಯೂ ಇದೆ, ಆದರೆ ಅದು ಡ್ಯಾಶ್‌ಗೆ ತಿಳಿಯದು. ಎಡಭಾಗಕ್ಕೆ 007 ಎಂಬಂಥ ಸೊನ್ನೆಗಳು ಬರುವ ಸಾಧ್ಯತೆ ಇದ್ದರೆ ಅವುಗಳನ್ನು ಮೊದಲೇ ತೆಗೆದುಹಾಕಿ. ಕಡಿತದ ಮೊತ್ತ -0.50 ಎಂದು ಬಂದರೆ ಎಡಭಾಗ -0 ಆಗಿ ಋಣ ಚಿಹ್ನೆ ಕಳೆದುಹೋಗುತ್ತದೆ. ಚಿಹ್ನೆಯನ್ನು ಮೊದಲು ಬೇರೆ ಎತ್ತಿಟ್ಟು, ಕೊನೆಗೆ ಸೇರಿಸಬೇಕು.

ಹಂತ 5: ಮೊದಲು ಗುಣಿಸಿ, ಕೊನೆಗೆ ಭಾಗಿಸಿ, ಒಂದೇ ಕಡೆ ರೌಂಡ್ ಆಫ್ ಮಾಡಿ

18.345 ಟನ್ ಕಬ್ಬು, ಟನ್ನಿಗೆ 3250.50 ರೂಪಾಯಿ. ಕಿಲೋ 18345, ದರ 325050 ಪೈಸೆ. ಗುಣಿಸಿದರೆ 5963042250. ದರ ಟನ್ನಿಗೆ ಇರುವುದರಿಂದ 1000ದಿಂದ ಭಾಗಿಸಬೇಕು. ಭಾಗಿಸುವ ಮೊದಲು 500 ಕೂಡಿಸಿ, ಆಗ ಅರ್ಧ ಮತ್ತು ಅದಕ್ಕಿಂತ ಹೆಚ್ಚಿನದು ಮೇಲಕ್ಕೆ ಹೋಗುತ್ತದೆ. ಉತ್ತರ 5963042 ಪೈಸೆ, ಅಂದರೆ 59630.42 ರೂಪಾಯಿ. ಶೆಲ್‌ನ ಭಾಗಾಕಾರ ಸೊನ್ನೆಯ ಕಡೆಗೆ ಕತ್ತರಿಸುವುದರಿಂದ ಋಣ ಸಂಖ್ಯೆಗೆ 500 ಕೂಡಿಸದೆ ಕಳೆಯಬೇಕು.

ಆ ನಡುವಿನ ಗುಣಲಬ್ಧವನ್ನು ಮತ್ತೊಮ್ಮೆ ನೋಡಿ. ಅದು 2147483647ಕ್ಕಿಂತ ದೊಡ್ಡದು. ಲೆಕ್ಕಕ್ಕೆ 32 ಬಿಟ್ ಮಾತ್ರ ಬಳಸುವ ಚಿಕ್ಕ ಸಾಧನಗಳಲ್ಲಿ ಅದು ಉಕ್ಕಿ, ಬೇರೆಯೇ ಸಂಖ್ಯೆಯಾಗುತ್ತದೆ, ಸಂದೇಶವಿಲ್ಲದೆ. 64 ಬಿಟ್‌ನ ಮಿತಿ 9223372036854775807. ಕಬ್ಬಿನ ಬಿಲ್ಲು ಅಲ್ಲಿಗೆ ಮುಟ್ಟುವುದಿಲ್ಲ.

ಯಾವಾಗ ರೌಂಡ್ ಆಫ್ ಮಾಡಬೇಕು ಎಂಬುದನ್ನು ಸ್ಕ್ರಿಪ್ಟ್ ಬರೆಯುವ ಮೊದಲೇ ತೀರ್ಮಾನಿಸಿ. ಮೂರು ಚೀಟಿಗಳಲ್ಲಿ ತಲಾ 0.4 ಪೈಸೆ ಉಳಿದಿದೆ ಎನ್ನಿ. ಚೀಟಿಗೊಮ್ಮೆ ಮಾಡಿದರೆ ಮೂರೂ ಸೊನ್ನೆ, ಒಟ್ಟಿಗೆ ಮಾಡಿದರೆ 1.2, ಅಂದರೆ ಒಂದು ಪೈಸೆ. ಎರಡೂ ತಪ್ಪಲ್ಲ. ಆದರೆ ರೈತನಿಗೆ ಪ್ರತಿ ಚೀಟಿಯ ಮೊತ್ತವನ್ನು ಮುದ್ರಿಸಿ ಕೊಡುವುದಾದರೆ ಚೀಟಿಗೊಮ್ಮೆಯೇ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಆತ ಮನೆಯಲ್ಲಿ ಕೂತು ಚೀಟಿಗಳನ್ನು ಕೂಡಿಸಿದಾಗ ಬರುವ ಮೊತ್ತವೇ ಬಿಲ್ಲಿನಲ್ಲೂ ಇರಬೇಕು.

ಹಂತ 6: ಬಿ.ಸಿ. ಅಥವಾ ಆಕ್ ಬೇಕೇ ಬೇಕಾದಾಗ

ಶೇಕಡಾವಾರು ಕಡಿತ, ಬಡ್ಡಿ, ಸರಾಸರಿ ಇವುಗಳಿಗೆ ಬಿ.ಸಿ. (bc) ಎಂಬ ಲೆಕ್ಕದ ಕಮಾಂಡನ್ನು ಬಳಸುವವರು ಹೆಚ್ಚು. ಅದು ನಿಖರ ದಶಮಾಂಶದಲ್ಲೇ ಲೆಕ್ಕ ಮಾಡುತ್ತದೆ, ಆದರೆ ಮೂರು ಗುಣಗಳನ್ನು ತಿಳಿದಿರಬೇಕು. ಸ್ಕೇಲ್ (ಬಿಂದುವಿನ ಬಲಕ್ಕೆ ಎಷ್ಟು ಅಂಕಿ ಎಂಬುದು) ಹೇಳದಿದ್ದರೆ ಅದು ಸೊನ್ನೆ, ಹಾಗಾಗಿ 2/3 ಎಂದರೆ 0. ‘ಸ್ಕೇಲ್=2’ ಎಂದರೂ ಉತ್ತರ .66, ಅದು .67 ಆಗುವುದಿಲ್ಲ, ಬಿ.ಸಿ. ಕತ್ತರಿಸುತ್ತದೆ, ರೌಂಡ್ ಆಫ್ ಮಾಡುವುದಿಲ್ಲ. ಬಿಂದುವಿನ ಮುಂದೆ ಸೊನ್ನೆಯನ್ನೂ ಬರೆಯುವುದಿಲ್ಲ.

ಕ್ರಮ ತಪ್ಪಿದರೆ ಏನಾಗುತ್ತದೆ ಎಂದು ಮೇಲಿನ ಬಿಲ್ಲಿನಲ್ಲೇ ನೋಡಿ. 59630.42ಕ್ಕೆ ಶೇ. 7.5 ಕಡಿತ ಹಿಡಿಯಬೇಕು. ಸ್ಕೇಲ್ 2 ಇಟ್ಟು, ಮೊದಲು 59630.42ನ್ನು 7.5ರಿಂದ ಗುಣಿಸಿ 100ರಿಂದ ಭಾಗಿಸಿದರೆ 4472.28 ಬರುತ್ತದೆ. ಮೊದಲು 7.5ನ್ನು 100ರಿಂದ ಭಾಗಿಸಿದರೆ .075ರ ಕೊನೆಯ ಅಂಕಿ ಕತ್ತರಿಸಿಹೋಗಿ .07 ಉಳಿಯುತ್ತದೆ, ಕಡಿತ 4174.12 ಆಗುತ್ತದೆ. ವ್ಯತ್ಯಾಸ 298 ರೂಪಾಯಿ 16 ಪೈಸೆ. ನಡುವಿನ ಲೆಕ್ಕಕ್ಕೆ ಸ್ಕೇಲ್ ಹತ್ತು ಇಟ್ಟು, ಕೊನೆಗೆ 0.005 ಕೂಡಿಸಿ, ಸ್ಕೇಲ್ 2 ಮಾಡಿ 1ರಿಂದ ಭಾಗಿಸುವುದು ಸುರಕ್ಷಿತ.

ಬಿ.ಸಿ. ಎಲ್ಲ ಯಂತ್ರಗಳಲ್ಲೂ ಇರಬೇಕೆಂದು ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆಲ್ಲ ಸಾಮಾನ್ಯವಾದ ಪಾಸಿಕ್ಸ್ ಮಾನದಂಡ ಹೇಳುತ್ತದೆ. ಆದರೂ ಡೆಬಿಯನ್‌ನ ಡಾಕರ್ ಇಮೇಜಿನಂಥ ಚಿಕ್ಕ ವ್ಯವಸ್ಥೆಗಳಲ್ಲಿ ಅದು ಇರುವುದಿಲ್ಲ. ಸ್ಕ್ರಿಪ್ಟಿನ ಆರಂಭದಲ್ಲೇ ‘ಕಮಾಂಡ್ -ವಿ’ ಬಳಸಿ ಇದೆಯೇ ಎಂದು ನೋಡಿ. ಸೊನ್ನೆಯಿಂದ ಭಾಗಿಸಿದಾಗ ಗ್ನೂ ಬಿ.ಸಿ. ದೋಷದ ಸಂದೇಶ ತೋರಿಸಿದರೂ ಯಶಸ್ಸಿನ ಸಂಕೇತವನ್ನೇ ಮರಳಿಸುತ್ತದೆ, ಆದ್ದರಿಂದ ಉತ್ತರ ಖಾಲಿಯಾಗಿದೆಯೇ ಎಂದು ನೀವೇ ಪರೀಕ್ಷಿಸಬೇಕು.

ಆಕ್ ಎಲ್ಲ ಕಡೆ ಸಿಗುತ್ತದೆ, ಆದರೆ ಎಲ್ಲ ಕಡೆ ಒಂದೇ ಆಕ್ ಸಿಗುವುದಿಲ್ಲ. ಡೆಬಿಯನ್‌ನಲ್ಲಿ ಸಾಮಾನ್ಯವಾಗಿ ಮಾಕ್, ಫೆಡೊರಾದಲ್ಲಿ ಗಾಕ್, ಆಲ್ಪೈನ್‌ನಲ್ಲಿ ಬಿಝಿಬಾಕ್ಸ್‌ನದು. ಎಲ್ಲವೂ ಡಬಲ್ ಎಂಬ ದ್ವಿಮಾನ ರೂಪದಲ್ಲಿ ಲೆಕ್ಕ ಮಾಡುತ್ತವೆ. 9007199254740992ರವರೆಗಿನ ಪೂರ್ಣಾಂಕಗಳು ಅದರಲ್ಲಿ ನಿಖರವಾಗಿರುತ್ತವೆ, 0.1 ನಿಖರವಾಗಿರುವುದಿಲ್ಲ. ಆದ್ದರಿಂದ ಆಕ್‌ನಲ್ಲೂ ಪೈಸೆಯಲ್ಲೇ ಕೂಡಿಸಿ. ಸೊನ್ನೆಯಿಂದ ಭಾಗಿಸಿದರೆ ಗಾಕ್ ನಿಲ್ಲುತ್ತದೆ, ಮಾಕ್ ‘ಇನ್ಫ್’ ಎಂದು ಬರೆದು ಮುಂದೆ ಹೋಗುತ್ತದೆ; ಛೇದವನ್ನು ಮೊದಲೇ ನೋಡಿಕೊಳ್ಳಿ.

ಹಂತ 7: ಹೋಲಿಕೆ ಮತ್ತು ವಿಂಗಡಣೆ

ಚೌಕ ಆವರಣದ ಪರೀಕ್ಷೆಯಲ್ಲಿ ‘-ಜಿಟಿ’ (ಹೆಚ್ಚೇ ಎಂಬ ಹೋಲಿಕೆ) ಪೂರ್ಣಾಂಕಕ್ಕೆ ಮಾತ್ರ. 10.5 ಕೊಟ್ಟರೆ ದೋಷ ಬರುತ್ತದೆ, ಷರತ್ತು ಸುಳ್ಳೆಂದು ಪರಿಗಣಿತವಾಗಿ ಸ್ಕ್ರಿಪ್ಟ್ ಮುಂದೆ ಹೋಗುತ್ತದೆ. ಅದರ ಬದಲು ‘>’ ಬರೆದವರ ಫೋಲ್ಡರಿನಲ್ಲಿ 9, 100 ಎಂಬ ಹೆಸರಿನ ಖಾಲಿ ಕಡತಗಳು ಹುಟ್ಟಿಕೊಂಡಿರುತ್ತವೆ. ಶೆಲ್ ಅದನ್ನು ಹೋಲಿಕೆ ಎನ್ನದೆ ಕಡತಕ್ಕೆ ಬರೆಯುವ ಆಜ್ಞೆ ಎಂದುಕೊಂಡಿದೆ. ಬ್ಯಾಶ್‌ನ ಜೋಡಿ ಆವರಣದಲ್ಲಿ ಇದೇ ಚಿಹ್ನೆ ಅಕ್ಷರಗಳ ಹೋಲಿಕೆ ಮಾಡುವುದರಿಂದ 10 ಎಂಬುದು 9ಕ್ಕಿಂತ ಚಿಕ್ಕದಾಗುತ್ತದೆ. ಪೈಸೆಗೆ ಇಳಿಸಿಕೊಂಡಿದ್ದರೆ ‘-ಜಿಟಿ’ ಸಾಕು.

ಸಾರ್ಟ್‌ಗೆ ‘-ಎನ್’ ಕೊಡಿ. ‘-ಜಿ’ ಗ್ನೂದ ಸ್ವಂತ ಸೇರ್ಪಡೆ, ಅದನ್ನು ನೆಚ್ಚಬೇಡಿ.

ಹಂತ 8: ಮುದ್ರಿಸುವುದು

ಆಕ್‌ನ ‘ಪ್ರಿಂಟ್’ ಬಳಸಿ ಮೊತ್ತ ಬರೆಯಬೇಡಿ. ಅದು ತಾನಾಗಿ ಆರು ಮಹತ್ವದ ಅಂಕಿಗಳನ್ನಷ್ಟೇ ಬರೆಯುತ್ತದೆ: ಲೆಕ್ಕದಿಂದ ಬಂದ 59630.42 ಎಂಬುದು 59630.4 ಆಗುತ್ತದೆ, 1234567.89 ಎಂಬುದು ಹತ್ತರ ಘಾತದ ರೂಪಕ್ಕೆ ತಿರುಗಿ ಗುರುತೇ ಸಿಗದಂತಾಗುತ್ತದೆ. ಸಂಖ್ಯೆಯನ್ನು ಪಠ್ಯಕ್ಕೆ ಜೋಡಿಸಿದರೂ ಇದೇ ಗತಿ. ಪ್ರಿಂಟ್‌ಎಫ್ ಬಳಸಿ. ದೊಡ್ಡ ಪೂರ್ಣಾಂಕಕ್ಕೆ ‘%ಡಿ’ ಬದಲು ‘%.0ಎಫ್’ ಇಡಿ, ಏಕೆಂದರೆ ಹಳೆಯ ಮಾಕ್‌ನಲ್ಲಿ ‘%ಡಿ’ 2147483647ಕ್ಕೇ ನಿಂತುಬಿಡುತ್ತದೆ.

‘%.2ಎಫ್’ ಮೇಲೆ ರೌಂಡ್ ಆಫ್ ಭಾರ ಹಾಕುವುದೂ ಬೇಡ. 0.125 ಕೊಟ್ಟರೆ 0.12 ಬರುತ್ತದೆ, 2.675 ಕೊಟ್ಟರೆ ಆಕ್‌ನಲ್ಲಿ 2.67. ಮೊದಲನೆಯದರಲ್ಲಿ ನಿಖರವಾದ ಅರ್ಧ ಸಮಸಂಖ್ಯೆಯ ಕಡೆಗೆ ಹೋಗುತ್ತದೆ. ಎರಡನೆಯದು ದ್ವಿಮಾನದಲ್ಲಿ 2.675ಕ್ಕಿಂತ ಒಂದಿಷ್ಟು ಕಡಿಮೆಯಾಗಿಯೇ ಸಂಗ್ರಹವಾಗಿರುತ್ತದೆ. ಬ್ಯಾಶ್‌ನ ಪ್ರಿಂಟ್‌ಎಫ್ ಇನ್ನೂ ಅಗಲವಾದ ರೂಪ ಬಳಸುವುದರಿಂದ ಇಂಥ ಗಡಿಯ ಸಂಖ್ಯೆಗಳಲ್ಲಿ ಆಕ್‌ಗಿಂತ ಬೇರೆ ಉತ್ತರ ಕೊಡಬಹುದು. ಅಲ್ಲದೆ ಶೆಲ್‌ನ ಪ್ರಿಂಟ್‌ಎಫ್‌ನಲ್ಲಿ ‘ಎಫ್’ ಇರಲೇಬೇಕೆಂದು ಪಾಸಿಕ್ಸ್ ಕೇಳುವುದಿಲ್ಲ.

ಪೈಸೆಯಿಂದ ಮುದ್ರಿಸುವುದಾದರೆ 100ರಿಂದ ಭಾಗಿಸಿದ ಭಾಗಲಬ್ಧ ಮತ್ತು ಶೇಷವನ್ನು ‘%ಡಿ.%02ಡಿ’ ಎಂಬ ಅಚ್ಚಿಗೆ ಕೊಡಿ. ಆ 02 ಬಿಟ್ಟರೆ 12 ರೂಪಾಯಿ 5 ಪೈಸೆ 12.5 ಆಗಿ ಐವತ್ತು ಪೈಸೆ ಎಂದು ಓದಿಸಿಕೊಳ್ಳುತ್ತದೆ. -50 ಪೈಸೆಯನ್ನು ಹಾಗೆಯೇ ಕೊಟ್ಟರೆ ‘0.-50’ ಎಂದು ಮುದ್ರಣವಾಗುತ್ತದೆ, ಇಲ್ಲಿಯೂ ಚಿಹ್ನೆ ಬೇರೆಯೇ ಇರಲಿ. 1,25,000 ಎಂಬ ಅಲ್ಪವಿರಾಮಗಳು ಕಾಗದದ ಪ್ರತಿಯಲ್ಲಿ ಮಾತ್ರ.

ಹಂತ 9: ಸ್ಲೀಪ್, ಡೇಟ್, ಸೀಕ್

ಅರ್ಧ ಸೆಕೆಂಡಿಗೆ ‘ಸ್ಲೀಪ್ 0.5’ ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ನಡೆಯುತ್ತದೆ. ಮಾನದಂಡ ಭರವಸೆ ಕೊಡುವುದು ಪೂರ್ಣ ಸೆಕೆಂಡುಗಳಿಗೆ ಮಾತ್ರ. ಡೇಟ್‌ನ ‘%ಎನ್’ ಹಳೆಯ ಮ್ಯಾಕ್‌ಗಳಲ್ಲಿ ನ್ಯಾನೊಸೆಕೆಂಡ್ ಬದಲು ಎನ್ ಎಂಬ ಅಕ್ಷರವನ್ನೇ ಬರೆಯುತ್ತದೆ, ಮುಂದಿನ ಕಳೆಯುವ ಲೆಕ್ಕ ಅಲ್ಲೇ ಮುರಿಯುತ್ತದೆ. ಸಂಖ್ಯೆಗಳ ಸಾಲು ಕೊಡುವ ಸೀಕ್ ಪಾಸಿಕ್ಸ್‌ನಲ್ಲಿಲ್ಲ, 0.1ರ ಹೆಜ್ಜೆ ಬೇಕಾದರೆ 0ಯಿಂದ 10ರವರೆಗೆ ಪೂರ್ಣಾಂಕದಲ್ಲಿ ಸುತ್ತಿ, ಬಿಂದುವನ್ನು ಮುದ್ರಿಸುವಾಗ ಇಡಿ.

ಹಂತ 10: ಬೇರೆ ಯಂತ್ರಕ್ಕೆ ಕಳಿಸುವ ಮೊದಲು

ಶೆಲ್‌ಚೆಕ್ ಓಡಿಸಿ. ಆಮೇಲೆ ಅದೇ ಕಡತವನ್ನು ಬ್ಯಾಶ್, ಡ್ಯಾಶ್, ಬಿಝಿಬಾಕ್ಸ್ ಮೂರರಲ್ಲೂ ಓಡಿಸಿ, ಮೂರು ಉತ್ತರಗಳನ್ನು ಡಿಫ್‌ನಿಂದ ಹೋಲಿಸಿ, ಕೊನೆಗೆ ಕೈಲೆಕ್ಕದ ಕಾಗದದ ಜೊತೆ ಹೋಲಿಸಿ. ಪರೀಕ್ಷೆಯ ಕಡತದಲ್ಲಿ ತೂಕಕ್ಕೆ 18.045, 18.080, 18.5, 18 ಇರಲಿ, ಹಣಕ್ಕೆ 12.05, 12.08, 0, -0.50 ಇರಲಿ, ತಡೆಹಿಡಿಯಲೇಬೇಕಾದ ಸಾಲುಗಳಾಗಿ 1,25,000, ಒಂದು ಖಾಲಿ ಜಾಗ, ಮೂರು ದಶಮಾಂಶದ ದರ ಇರಲಿ. ಕನ್ನಡ ಅಂಕಿಯ ಒಂದು ಸಾಲು, ವಿಂಡೋಸ್‌ನಲ್ಲಿ ಉಳಿಸಿದ ಒಂದು ಪ್ರತಿಯೂ ಜೊತೆಗಿರಲಿ.

ಓಡುತ್ತಿರುವ ಸ್ಕ್ರಿಪ್ಟಿನಲ್ಲಿ ಈ ಗುರುತುಗಳು ಕಂಡರೆ ಬಿಲ್ಲು ಹಂಚುವುದನ್ನು ನಿಲ್ಲಿಸಿ. ಎಲ್ಲ ಮೊತ್ತಗಳೂ .00ದಿಂದ ಕೊನೆಯಾಗುತ್ತಿದ್ದರೆ ಎಲ್ಲೋ ಪೂರ್ಣಾಂಕದ ಭಾಗಾಕಾರ ಮೊದಲೇ ನಡೆದಿದೆ. ಐದಂಕಿಯ ರೂಪಾಯಿ ಮೊತ್ತಗಳಲ್ಲೆಲ್ಲ ಬಿಂದುವಿನ ಬಲಕ್ಕೆ ಒಂದೇ ಅಂಕಿ ಇದ್ದರೆ ಆಕ್‌ನ ‘ಪ್ರಿಂಟ್’ ಉಳಿದುಕೊಂಡಿದೆ. ಹಗಲಿನಲ್ಲಿ ಕೈಯಿಂದ ಓಡಿಸಿದ್ದಕ್ಕೂ ರಾತ್ರಿ ಕ್ರಾನ್ ಓಡಿಸಿದ್ದಕ್ಕೂ ಮೊತ್ತ ಬೇರೆಯಾದರೆ ಒಂದನೆಯ ಮತ್ತು ಎರಡನೆಯ ಹಂತಗಳಿಗೆ ಹಿಂದಿರುಗಿ. ಬಿಂದುವಿನ ಪಕ್ಕದಲ್ಲಿ ಸೊನ್ನೆಯಿರುವ ತೂಕಗಳು ಮಾತ್ರ ತಪ್ಪುತ್ತಿದ್ದರೆ ನಾಲ್ಕನೆಯ ಹಂತದ ಆ 1 ಬಿಟ್ಟುಹೋಗಿದೆ. ಅದನ್ನು ಸೇರಿಸಿದ ಮೇಲೆ ಈ ಹಂಗಾಮಿನಲ್ಲಿ ಈಗಾಗಲೇ ಹಂಚಿದ ಚೀಟಿಗಳಲ್ಲಿ ಅಂಥ ತೂಕದವುಗಳನ್ನೆಲ್ಲ ಹುಡುಕಿ, ಮತ್ತೆ ಲೆಕ್ಕ ಹಾಕಿ, ಉಳಿದ ಹಣವನ್ನು ಆಯಾ ರೈತರ ಮುಂದಿನ ಬಿಲ್ಲಿಗೆ ಸೇರಿಸಿ.